ಗೆಂಡೆಕಟ್ಟೆಗೆ ಬೇಕಾದದ್ದು ಟೈಲ್ಸ್ ಅಲ್ಲ, ಅತ್ತಿಮರ

ಹಾಸನ ಜಿಲ್ಲೆಯ ಕಾಲೇಜು ಹುಡುಗರಿಗೆ ಕಾಡಿನ ಪರಿಚಯ ಆಗುವುದು ಮೊಬೈಲ್‌ನಲ್ಲಿ. ಆಲೂರಿನಲ್ಲಿ ಆನೆ ತೋಟಕ್ಕಿಳಿಯಿತು, ಸಕಲೇಶಪುರದಲ್ಲಿ ಕೂಲಿಯವರೊಬ್ಬರು ಸತ್ತರು. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಾಗ ನಮ್ಮ ಕ್ಲಾಸಿನವರೆಲ್ಲರ ಸ್ಟೇಟಸ್‌ನಲ್ಲೂ ಅವನದೇ ಫೋಟೊ. ಆದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ದಿನಾ ಹಾಸನಕ್ಕೆ ಬಂದು ಹೋಗುವ ನಮ್ಮಲ್ಲಿ, ಬೆಳಗ್ಗೆ ಒಂದು ಗಂಟೆ ಕಾಡಲ್ಲಿ ನಡೆದು ಹಕ್ಕಿ ನೋಡಿದವರು ಎಷ್ಟು ಮಂದಿ? ಕಾಡೆಂದರೆ ನಮಗೆ ಒಂದೋ ಭಯ, ಇಲ್ಲವೇ ಸೆಲ್ಫಿ.

ಇದನ್ನು ಬದಲಿಸಲು ಬಂಡೀಪುರಕ್ಕೆ ಹೋಗಬೇಕಿಲ್ಲ. ಹಾಸನದ ಮಗ್ಗುಲಲ್ಲೇ ಅರಣ್ಯ ಇಲಾಖೆಯ ಗೆಂಡೆಕಟ್ಟೆ ಇದೆ. ಗೆಂಡೆ ಎಂದರೆ ಮೀನು. ಹೆಸರಲ್ಲೇ ಜೀವವಿರುವ ಜಾಗ. ಆದರೆ ಇಂಥ ಕಡೆ ‘ಅಭಿವೃದ್ಧಿ’ ಎಂದರೆ ಇಂಟರ್‌ಲಾಕ್ ಟೈಲ್ಸ್, ಬಣ್ಣದ ದೀಪ, ಸಿಮೆಂಟಿನ ಜಿರಾಫೆ ಎಂದೇ ನಂಬಿದ್ದೇವೆ. ಹಾಸನಕ್ಕೂ ಜಿರಾಫೆಗೂ ಏನು ನಂಟೋ!

ನನ್ನ ಬೇಡಿಕೆ ಬೇರೆ. ನಮ್ಮ ಕಡೆಯ ಸರ್ಕಾರಿ ನೆಡುತೋಪುಗಳಲ್ಲಿ ವರ್ಷಗಟ್ಟಲೆ ಬೆಳೆಸಿದ್ದು ನೀಲಗಿರಿ, ಅಕೇಶಿಯಾ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಹಳೆಯ ಮರಗಳು ಇರುವೆಡೆ ಹಾಗೇ ಇವೆ. ಅವುಗಳಲ್ಲಿ ಹಕ್ಕಿಗೆ ಹಣ್ಣಿಲ್ಲ, ಜಿಂಕೆಗೆ ಮೇವಿಲ್ಲ. ಅತ್ತಿ ಹಾಗಲ್ಲ, ವರ್ಷದಲ್ಲಿ ಹಲವು ಸಲ ಹಣ್ಣು ಬಿಡುತ್ತದೆ. ಮಂಗ, ಬಾವಲಿ, ಕುಟ್ರುಹಕ್ಕಿ ಎಲ್ಲಕ್ಕೂ ಊಟ. ಹಾಗಂತ ಜೆಸಿಬಿ ತಂದು ಒಂದೇ ಸಲ ಬೋಳಿಸಬಾರದು. ಲಂಟಾನದ ಪೊದೆಯಲ್ಲೂ ಹಕ್ಕಿಗಳು ಗೂಡು ಕಟ್ಟುತ್ತವೆ. ಪಟ್ಟಿ ಪಟ್ಟಿಯಾಗಿ ಕಳೆ ತೆಗೆದು, ಅಲ್ಲಿ ಅತ್ತಿ, ನೇರಳೆ, ಹೊಂಗೆ ನೆಟ್ಟು, ಅವು ನಿಂತ ಮೇಲೆ ಮುಂದಿನ ಪಟ್ಟಿಗೆ ಹೋಗಬೇಕು. ನಿಧಾನದ ಕೆಲಸ, ಉದ್ಘಾಟನೆಯ ಫೋಟೊ ಸಿಗುವುದಿಲ್ಲ.

ಜನ ಬಂದರೆ ಪ್ರಾಣಿ ಓಡುತ್ತದೆ ಎನ್ನುವವರು ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿ ನೋಡಲಿ. ಕಾವೇರಿಯ ವಹ್ನಿಪುಷ್ಕರಿಣಿಯಲ್ಲಿ ಮೀನು ಹಿಡಿಯುವಂತಿಲ್ಲ. ಭಕ್ತರು ಮೆಟ್ಟಿಲ ಮೇಲೆ, ಮೀನು ನೀರಲ್ಲಿ. ಗೆರೆ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತು. ಗೆಂಡೆಕಟ್ಟೆಯಲ್ಲೂ ಕೆರೆಯ ಒಂದು ದಡ ಜನರಿಗಿರಲಿ, ಇನ್ನೊಂದು ದಡಕ್ಕೆ ಯಾರೂ ಕಾಲಿಡದಿರಲಿ. ಮಣ್ಣಿನ ಕಾಲುದಾರಿ ಸಾಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕಿಷ್ಟೇ ಜನ ಎಂಬ ಮಿತಿ ಬಂತು. ಮಿತಿ ಇಲ್ಲೂ ಇರಲಿ. ಆದರೆ ಬೆಳಗ್ಗೆ ಆರಕ್ಕೇ ಗೇಟು ತೆರೆಯಲಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಇರಲಿ. ಅರಕಲಗೂಡಿಗೆ ರೈಲೂ ಇಲ್ಲ. ಬಸ್ ಚಾರ್ಜ್ ಕೊಟ್ಟು ಬರುವವರ ಜೇಬು ನೋಡಿ ದರ ಇಡಲಿ.

ಇನ್ನು ನಮ್ಮ ಕೆಲಸದ ಮಾತು. ಗಸ್ತು ಅರಣ್ಯ ಪಾಲಕ ಹುದ್ದೆಗೆ ಓದುತ್ತಿರುವ ಗೆಳೆಯರಿಗೆ ಲಂಟಾನದ ವೈಜ್ಞಾನಿಕ ಹೆಸರು ಬಾಯಿಪಾಠ, ಗಿಡ ತೋರಿಸಿದರೆ ಗುರುತಿಲ್ಲ. ಅವರಿಗೆ ತರಬೇತಿ ಕೊಟ್ಟು ಭಾನುವಾರದ ನಡಿಗೆಗೆ ಮಾರ್ಗದರ್ಶಕರನ್ನಾಗಿ ಮಾಡಿ, ದಿನಗೂಲಿ ಕೊಡಿ. ಗುಂಡಿ ತೋಡಲು ಎನ್ನೆಸ್ಸೆಸ್ ಶಿಬಿರಗಳಿವೆ. ಜೂನ್ ಮಳೆಗೆ ಸಸಿ ನೆಡಬೇಕಾದರೆ ಗುಂಡಿ ಮೇ ತಿಂಗಳಲ್ಲೇ ಸಿದ್ಧವಿರಬೇಕು.