ಹೊಲದಲ್ಲೇ ಕೊಳೆಯುವ ಫಸಲು ಮತ್ತು ವಾಣಿಜ್ಯ ಸಮುದಾಯದ ಹೊಣೆ

ಸುಗ್ಗಿ ಮುಗಿದ ಹೊಲದಲ್ಲಿ ಉದುರಿದ ತೆನೆಗಳನ್ನು ಊರಿನ ಬಡವರು ಆಯ್ದುಕೊಳ್ಳುವ ಪದ್ಧತಿಗೆ ಕನ್ನಡದಲ್ಲಿ ‘ಹಕ್ಕಲಾಯುವುದು’ ಎಂಬ ಹೆಸರಿದೆ. ಹೊಲದೊಡೆಯನು ಅದನ್ನು ತಡೆಯುತ್ತಿರಲಿಲ್ಲ. ಕಣದಲ್ಲಿ ರಾಶಿ ಮಾಡಿದಾಗ ಆಯಗಾರರಿಗೆ ಪಾಲು ಸಲ್ಲುತ್ತಿದ್ದಂತೆ, ಹೊಲದಲ್ಲಿ ಉಳಿದ ಹಕ್ಕಲು ಇಲ್ಲದವರಿಗೆ ಸಲ್ಲುತ್ತಿತ್ತು. ಇಂದು ರಾಗಿ, ಭತ್ತದ ಹೊಲಗಳಲ್ಲಿ ಉಳಿಯುವುದು ಕೆಲವೇ ತೆನೆಗಳು. ಆದರೆ ಬೆಲೆ ಕುಸಿದ ವಾರಗಳಲ್ಲಿ ಟೊಮೆಟೊ, ಎಲೆಕೋಸು, ಈರುಳ್ಳಿಯ ತೋಟಗಳಲ್ಲಿ ಇಡೀ ಫಸಲೇ ಉಳಿಯುತ್ತದೆ. ಅದನ್ನು ಆಯ್ದು ಹಸಿದವರ ತಟ್ಟೆಗೆ ತಲುಪಿಸುವ ವ್ಯವಸ್ಥೆ ಮಾತ್ರ ನಮ್ಮಲ್ಲಿ ಬೆಳೆದಿಲ್ಲ.

ಕೋಲಾರದ ಎಪಿಎಂಸಿ ಪ್ರಾಂಗಣವು ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. 2023ರ ಜುಲೈ ತಿಂಗಳಲ್ಲಿ ಅಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿಗಳನ್ನು ದಾಟಿತ್ತು. ಕೆಲವೇ ವಾರಗಳ ನಂತರ ಅದೇ ಬೆಲೆ ಪಾತಾಳಕ್ಕಿಳಿಯಿತು. 2020ರ ಲಾಕ್‌ಡೌನ್ ಅವಧಿಯಲ್ಲಂತೂ ರಾಜ್ಯದ ಅನೇಕ ಕಡೆ ರೈತರು ನಿಂತ ಬೆಳೆಯ ಮೇಲೆಯೇ ಟ್ರ್ಯಾಕ್ಟರ್ ಹರಿಸಿದರು. ಇಂತಹ ಸುದ್ದಿಗಳನ್ನು ಓದಿದಾಗ ‘ದಾನವಾಗಿಯಾದರೂ ಕೊಡಬಾರದಿತ್ತೇ’ ಎಂಬ ಪ್ರಶ್ನೆ ಪಟ್ಟಣವಾಸಿಗಳಲ್ಲಿ ಮೂಡುವುದು ಸಹಜ. ಈ ಪ್ರಶ್ನೆ ರೈತನ ಮನಸ್ಸನ್ನು ಕುರಿತದ್ದು; ಉತ್ತರವಿರುವುದು ಅವನ ಲೆಕ್ಕದಲ್ಲಿ.

ಉದಾಹರಣೆಗಾಗಿ, ಒಂದು ಬಾಕ್ಸ್ ಟೊಮೆಟೊ ಕೀಳುವ ಕೂಲಿ 20 ರೂಪಾಯಿ, ಬಾಕ್ಸ್ ಮತ್ತು ಹೇರುವ ವೆಚ್ಚ 10 ರೂಪಾಯಿ, ಸಾಗಣೆ 20 ರೂಪಾಯಿ, ಒಟ್ಟು 50 ರೂಪಾಯಿ ಎಂದಿಟ್ಟುಕೊಳ್ಳಬಹುದು. ಮಾರುಕಟ್ಟೆಯಲ್ಲಿ ಬಾಕ್ಸಿಗೆ 40 ರೂಪಾಯಿ ಮಾತ್ರ ದೊರೆಯುವ ದಿನ, ಕಿತ್ತು ಮಾರಿದ ರೈತನಿಗೆ ಪ್ರತಿ ಬಾಕ್ಸಿಗೆ ಇನ್ನೂ 10 ರೂಪಾಯಿ ನಷ್ಟ. ಕಿತ್ತು ದಾನ ಮಾಡಿದರೆ ನಷ್ಟ 50 ರೂಪಾಯಿ. ಗಿಡದಲ್ಲೇ ಬಿಟ್ಟರೆ ಹೊಸ ನಷ್ಟವಿಲ್ಲ. ಬೀಜ, ಗೊಬ್ಬರ, ಔಷಧಿಗಳ ಸಾಲವನ್ನು ಈಗಾಗಲೇ ಹೊತ್ತಿರುವವನಿಂದ ಇನ್ನೂ 50 ರೂಪಾಯಿಗಳ ದಾನವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಫಸಲನ್ನು ರೈತ ಕೊಡಲಿ, ಈ 50 ರೂಪಾಯಿಗಳನ್ನು ಸಮಾಜ ಭರಿಸಲಿ ಎಂಬುದೇ ಸರಿಯಾದ ಹಂಚಿಕೆ. ಕಿಲೋ ಲೆಕ್ಕದಲ್ಲಿ ಅದು 3 ರೂಪಾಯಿ 33 ಪೈಸೆ ಮಾತ್ರ. ಕೀಳುವ ಕೆಲಸವನ್ನು ಸ್ವಯಂಸೇವಕರು ವಹಿಸಿಕೊಂಡರೆ 2 ರೂಪಾಯಿಗೆ ಇಳಿಯುತ್ತದೆ.

ಇಷ್ಟು ಶ್ರಮಪಟ್ಟು ತರಕಾರಿಯನ್ನು ಸಾಗಿಸುವ ಅಗತ್ಯವಾದರೂ ಏನು ಎಂದು ಕೇಳುವವರುಂಟು. ಪಡಿತರ ವ್ಯವಸ್ಥೆ ಅಕ್ಕಿ, ರಾಗಿಗಳನ್ನು ಮನೆ ಬಾಗಿಲ ಸಮೀಪಕ್ಕೆ ತಂದಿದೆ, ತರಕಾರಿಯನ್ನು ತಂದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಇನ್ನೊಂದೆಡೆ, ಲೂಧಿಯಾನದ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ಅಧ್ಯಯನವು ದೇಶದ ಕೃಷಿ ಉತ್ಪನ್ನಗಳ ಕೊಯ್ಲು ಮತ್ತು ಕೊಯ್ಲೋತ್ತರ ನಷ್ಟವನ್ನು ವರ್ಷಕ್ಕೆ 92,651 ಕೋಟಿ ರೂಪಾಯಿಗಳೆಂದು ಅಂದಾಜಿಸಿತ್ತು. ಒಂದೇ ಜಿಲ್ಲೆಯಲ್ಲಿ ತೋಟದಲ್ಲಿ ಕೊಳೆಯುವ ತರಕಾರಿಯೂ ಇದೆ, ತರಕಾರಿಯಿಲ್ಲದ ಸಾರೂ ಇದೆ.

ಈ ಎರಡನ್ನೂ ಕೂಡಿಸುವ ಕಾರ್ಯವನ್ನು ವ್ಯವಸ್ಥಿತವಾಗಿ ನಡೆಸಿದ ನಿದರ್ಶನ ಅಮೆರಿಕದಲ್ಲಿದೆ. 1979ರಲ್ಲಿ ವರ್ಜೀನಿಯಾ ರಾಜ್ಯದಲ್ಲಿ ಆರಂಭವಾದ ‘ಸೊಸೈಟಿ ಆಫ್ ಸೇಂಟ್ ಆಂಡ್ರೂ’ ಸಂಸ್ಥೆಯು ರೈತರಿಂದ ಒಪ್ಪಿಗೆ ಪಡೆದು, ಸ್ವಯಂಸೇವಕರನ್ನು ಹೊಲಕ್ಕೆ ಕರೆದೊಯ್ದು, ಆಯ್ದದ್ದನ್ನು ಅನ್ನದಾನ ಕೇಂದ್ರಗಳಿಗೆ ತಲುಪಿಸುತ್ತ ಬಂದಿದೆ. ಅಲ್ಲಿನ ಸಂಸತ್ತು 1996ರಲ್ಲಿ ಜಾರಿಗೆ ತಂದ ‘ಬಿಲ್ ಎಮರ್ಸನ್’ ಆಹಾರದಾನ ಕಾಯ್ದೆಯು ಸದ್ಭಾವನೆಯಿಂದ ಕೊಟ್ಟವರಿಗೂ, ಹಕ್ಕಲಾಯುವವರಿಗೂ, ಹೊಲದ ಮಾಲೀಕನಿಗೂ ಹೊಣೆಗಾರಿಕೆಯಿಂದ ರಕ್ಷಣೆ ನೀಡಿತು. ಘೋರ ನಿರ್ಲಕ್ಷ್ಯಕ್ಕೆ ಆ ರಕ್ಷಣೆ ಇಲ್ಲ. ಅಲ್ಲಿಯ ಅನುಭವದಿಂದ ಕಲಿಯಬೇಕಾದ ಪಾಠವೊಂದಿದೆ: ಉತ್ಸಾಹಿಗಳನ್ನು ಸೇರಿಸಿದ ಮಾತ್ರಕ್ಕೆ ಕೆಲಸ ನಡೆಯದು. ರೈತನ ಕರೆ, ವಾಹನ, ಜನ, ಪಡೆಯುವ ಸಂಸ್ಥೆ ಈ ನಾಲ್ಕನ್ನೂ ಒಂದೇ ದಿನಕ್ಕೆ ಹೊಂದಿಸುವ ಸಂಯೋಜಕನೊಬ್ಬ ಬೇಕು. ಹಣ್ಣಾದ ಟೊಮೆಟೊ ಯಾರಿಗಾಗಿಯೂ ಕಾಯುವುದಿಲ್ಲ. ಆದ್ದರಿಂದ ಕೀಳುವ ಮೊದಲೇ ಉಣ್ಣುವವರು ನಿಶ್ಚಯವಾಗಿರಬೇಕು. ಇಲ್ಲವಾದರೆ ಹೊಲದಲ್ಲಿ ಕೊಳೆಯಬೇಕಾದದ್ದು ಹಾಸ್ಟೆಲಿನ ಅಂಗಳದಲ್ಲಿ ಕೊಳೆಯುತ್ತದೆ, ಅಷ್ಟೆ.

ಇಂತಹ ಸಂಯೋಜನೆಗೆ ವಾಣಿಜ್ಯ ಸಮುದಾಯಕ್ಕಿಂತ ಅರ್ಹರು ವಿರಳ. ಮಾರುಕಟ್ಟೆಗೆ ಸರಕು ಇಳಿಸಿ ಖಾಲಿ ಮರಳುವ ವಾಹನಗಳು ಯಾರವು, ಯಾವ ದಾರಿಯಲ್ಲಿ ಹೋಗುತ್ತವೆ ಎಂಬುದು ವರ್ತಕರಿಗೆ ಗೊತ್ತು. ಬೆಲೆ ಮುರಿಯುವ ಸೂಚನೆ ಮಂಡಿಯವರಿಗೆ ಎರಡು ದಿನ ಮೊದಲೇ ಸಿಗುತ್ತದೆ. ಸಣ್ಣ ಕೈಗಾರಿಕೆಗಳಲ್ಲಿ ಪ್ಲಾಸ್ಟಿಕ್ ಕ್ರೇಟು, ತೂಕದ ಯಂತ್ರ, ವಾರದ ರಜೆಯ ದಿನ ದೊರೆಯುವ ಜನ ಎಲ್ಲವೂ ಇವೆ. ಮಾಲು ಬಂದದ್ದು, ಹೋದದ್ದು, ಉಳಿದದ್ದನ್ನು ಬರೆದಿಡುವ ಅಭ್ಯಾಸವೂ ಇದೆ. ದಾನದ ಕೆಲಸಗಳು ಸೊರಗುವುದು ಬಹುಮಟ್ಟಿಗೆ ಈ ಕೊನೆಯದರ ಅಭಾವದಿಂದಲೇ.

ಕಾನೂನಿನ ಅಂಶಗಳನ್ನೂ ಸ್ಪಷ್ಟವಾಗಿ ತಿಳಿದಿರಬೇಕು. ತಾಜಾ ತರಕಾರಿಗೆ ಜಿಎಸ್‌ಟಿ ಇಲ್ಲ. ಅದನ್ನು ಸಾಗಿಸಲು ಇ-ವೇ ಬಿಲ್ಲಿನ ಅಗತ್ಯವೂ ಇಲ್ಲ. ಆದರೆ ತಯಾರಕರು ತಮ್ಮ ತೆರಿಗೆಯುಳ್ಳ ಸರಕನ್ನು ಉಚಿತವಾಗಿ ಕೊಟ್ಟರೆ, 2017ರ ಕಾಯ್ದೆಯ 17(5)(ಎಚ್) ಕಲಮಿನಂತೆ ಅದರ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ. ಆದಾಯ ತೆರಿಗೆಯಲ್ಲಿ ದಾನದ ವಿನಾಯಿತಿ ಹಣಕ್ಕೆ ಮಾತ್ರ, ವಸ್ತುರೂಪದ ದಾನಕ್ಕಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆಯ್ದ ವ್ಯಕ್ತಿಗಳಿಗೆ ಅದೂ ಇಲ್ಲ. ಹಸಿವಿನ ನಿವಾರಣೆಯು 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಸೇರಿದ್ದರೂ, ಆ ಕಡ್ಡಾಯ ಬಹುಪಾಲು ಸಣ್ಣ ಉದ್ಯಮಗಳಿಗೆ ಅನ್ವಯಿಸದು. ಆದುದರಿಂದ ತೆರಿಗೆ ಉಳಿತಾಯದ ಆಸೆಯಿಂದ ಈ ಕಾರ್ಯಕ್ಕೆ ಇಳಿಯುವವರು ನಿರಾಶರಾಗುವರು. ಆಹಾರ ಸುರಕ್ಷತಾ ಪ್ರಾಧಿಕಾರದ ಹೆಚ್ಚುವರಿ ಆಹಾರ ವಿತರಣಾ ನಿಯಮಾವಳಿಯು 2020ರ ಜುಲೈ 1ರಿಂದ ಜಾರಿಯಲ್ಲಿದ್ದು, ಹಂಚುವ ಸಂಸ್ಥೆಗಳು ದಾಖಲೆ ಇಡುವುದನ್ನು ನಿರೀಕ್ಷಿಸುತ್ತದೆ. ನೋಂದಾಯಿತ ಸಂಸ್ಥೆಗಳ ಮೂಲಕವೇ ಹಂಚುವುದು ಕ್ಷೇಮ.

ಎರಡು ಆಕ್ಷೇಪಣೆಗಳನ್ನು ತಳ್ಳಿಹಾಕುವಂತಿಲ್ಲ. ಸ್ವಯಂಸೇವಕರು ಹೊಲಕ್ಕಿಳಿದರೆ ಕೂಲಿಯವರ ದುಡಿಮೆಗೆ ಕುತ್ತು ಬಾರದೇ ಎಂಬುದು ಮೊದಲನೆಯದು. ರೈತ ಕೀಳಿಸುವುದಿಲ್ಲವೆಂದು ತೀರ್ಮಾನಿಸಿದ ಫಸಲಿಗೆ ಮಾತ್ರ ಕೈ ಹಾಕಬೇಕು. ಸಾಧ್ಯವಿದ್ದಲ್ಲಿ ಅದೇ ಊರಿನ ಕೂಲಿಯವರಿಗೆ ಸಂಬಳ ಕೊಟ್ಟೇ ಕೀಳಿಸಬೇಕು. ಹಾಗೆ ಮಾಡಿದರೂ ವೆಚ್ಚ ಕಿಲೋಗೆ 3 ರೂಪಾಯಿ ಚಿಲ್ಲರೆಯನ್ನು ಮೀರದೆಂಬುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. ಎರಡನೆಯದು, ಉಚಿತ ತರಕಾರಿಯಿಂದ ತಳ್ಳುಗಾಡಿಯವರ ವ್ಯಾಪಾರ ಕೆಡದೇ ಎಂಬುದು. ಬೀದಿಯಲ್ಲಿ ಸುರಿದು ಹಂಚಿದರೆ ಖಂಡಿತ ಕೆಡುತ್ತದೆ. ಅಂಗನವಾಡಿ, ವಸತಿನಿಲಯ, ವೃದ್ಧಾಶ್ರಮ, ಸರ್ಕಾರಿ ಆಸ್ಪತ್ರೆಯ ಅನ್ನಛತ್ರಗಳಿಗೆ ಅವುಗಳ ನಿತ್ಯದ ಖರೀದಿಯ ಮೇಲೆ ಹೆಚ್ಚುವರಿಯಾಗಿ ಕೊಟ್ಟರೆ ಆ ಭಯವಿರದು.

ಆರಂಭಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಜಿಲ್ಲಾ ವಾಣಿಜ್ಯ ಸಂಸ್ಥೆಯು ಒಂದು ದೂರವಾಣಿ ಸಂಖ್ಯೆ, ನೂರು ಕ್ರೇಟು, ಅರೆಕಾಲಿಕ ವೇತನದ ಒಬ್ಬ ಸಂಯೋಜಕ ಮತ್ತು ಒಂದು ರಿಜಿಸ್ಟರಿನಿಂದ ತೊಡಗಬಹುದು. ಸ್ವಯಂಸೇವೆ ಉಚಿತ, ಅದರ ಸಂಯೋಜನೆ ಉಚಿತವಲ್ಲ. ಈ ಒಂದು ವೇತನವನ್ನು ಉಳಿಸಲು ಹೊರಟಲ್ಲಿ ಕೆಲಸ ಮೊದಲ ಛಾಯಾಚಿತ್ರದೊಂದಿಗೆ ಮುಗಿದುಹೋಗುತ್ತದೆ. ನೂರು ಬಾಕ್ಸುಗಳ ಒಂದು ಲೋಡು ಎಂದರೆ 1,500 ಕಿಲೋ ತರಕಾರಿ. ಮೇಲಿನ ಲೆಕ್ಕದಂತೆ ಅದರ ಪೂರ್ಣ ವೆಚ್ಚ 5,000 ರೂಪಾಯಿ. ಸದಸ್ಯರ ಸನ್ಮಾನ ಸಮಾರಂಭವೊಂದರ ಹಾರ, ಶಾಲು, ಫಲತಾಂಬೂಲಗಳಿಗೆ ಇದಕ್ಕಿಂತ ಹೆಚ್ಚು ಖರ್ಚಾಗುವುದುಂಟು.

ಹಿಂದಿನ ಕಾಲದ ಹೊಲದೊಡೆಯನಿಗೆ ಹಕ್ಕಲು ಬಿಡುವುದು ದಾನವೆನಿಸಿರಲಿಲ್ಲ, ವಾಡಿಕೆಯೆನಿಸಿತ್ತು. ರೈತನ ಬೆಳೆಯಿಂದಲೇ ಮಂಡಿ, ಲಾರಿ, ಗಿರಣಿ, ಅಂಗಡಿಗಳೆಲ್ಲ ನಡೆಯುತ್ತಿರುವಾಗ, ಅವನ ನಷ್ಟದ ದಿನ ಬಾಕ್ಸಿಗೆ 50 ರೂಪಾಯಿಗಳನ್ನು ಹೊರುವುದೂ ವ್ಯಾಪಾರದ ವಾಡಿಕೆಯೇ ಆಗಬೇಕು.