ಹಿರಿಯರ ಪ್ರಯಾಣ ಮೋಜಲ್ಲ

ಧಾರವಾಡದಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರನ್ನು ಕಂಡುಬರಲು ಹೊರಟಾಗ, "ಫೋನಿನಲ್ಲಿ ಮಾತನಾಡಿದರೆ ಸಾಲದೇ?" ಎಂದು ಮನೆಯವರು ಕೇಳಿದರು. ಸಾಲದು. ಹನ್ನೆರಡು ವರ್ಷ ನನ್ನೊಡನೆ ಬುತ್ತಿ ಹಂಚಿಕೊಂಡು ಉಂಡವರಿಗೆ ಈಗ ಕಿವಿ ಮಂದ. ಪಕ್ಕದಲ್ಲಿ ಕುಳಿತರೆ ಮಾತ್ರ ಮಾತು.

ಇಂಥ ಭೇಟಿಯನ್ನು ಮೋಜೆಂದು ಬಗೆಯುವವರೇ ರೈಲಿನ ರಿಯಾಯಿತಿಯನ್ನು ದಾನವೆಂದು ಎಣಿಸುತ್ತಾರೆ. 60 ತುಂಬಿದ ಪುರುಷರಿಗೆ ಶೇ. 40, 58 ತುಂಬಿದ ಮಹಿಳೆಯರಿಗೆ ಶೇ. 50ರಷ್ಟಿದ್ದ ಆ ಸೌಲಭ್ಯ 2020ರ ಮಾರ್ಚಿನಲ್ಲಿ ನಿಂತಿತು. ಕೋವಿಡ್ ಕಾಲದಲ್ಲಿ ವೃದ್ಧರು ಮನೆಯಲ್ಲಿರಲೆಂಬ ಕಾರಣವನ್ನು ಒಪ್ಪೋಣ. ಸೋಂಕು ಇಳಿದು ರೈಲುಗಳೆಲ್ಲ ಓಡತೊಡಗಿದ ಮೇಲೂ ಅದು ವರ್ಷಗಟ್ಟಲೆ ಮರಳಲಿಲ್ಲವೇಕೆ? ಎಲ್ಲ ಪ್ರಯಾಣಿಕರಿಗೂ ಸರಾಸರಿ ಶೇ. 46 ರಿಯಾಯಿತಿ ಇದ್ದೇ ಇದೆಯೆಂಬ ಉತ್ತರ 2024ರಲ್ಲಿ ಸಂಸತ್ತಿನಲ್ಲಿ ಬಂತು. ದುಡಿಯುವವನಿಗೂ ದುಡಿಮೆ ಮುಗಿಸಿದವನಿಗೂ ಒಂದೇ ಅಳತೆಗೋಲು ಹಿಡಿಯುವುದು ಸಮಾನತೆಯಾದೀತು, ನ್ಯಾಯವಾಗದು.

ಪಿಂಚಣಿಯುಳ್ಳ ನಾನು ಪೂರ್ಣ ದರವನ್ನು ತೆತ್ತೇನು. ಇಲ್ಲದವರು ಗೆಳೆಯನ ಭೇಟಿಯನ್ನು ಮುಂದಕ್ಕೆ ಹಾಕುತ್ತಾರೆ. ನಮ್ಮ ವಯಸ್ಸಿನಲ್ಲಿ ಮುಂದಕ್ಕೆ ಹಾಕಿದ ಭೇಟಿ ಅನೇಕ ವೇಳೆ ವೈಕುಂಠ ಸಮಾರಾಧನೆಯ ಪಂಕ್ತಿಯಲ್ಲಿ ಮುಗಿಯುತ್ತದೆ. ಉಳಿದ ಹಣದಿಂದ ಆ ನಷ್ಟವನ್ನು ತುಂಬಿಕೊಡಬಲ್ಲವರು ಯಾರು?