ಹಿಡಿಯಕ್ಕಿಯ ಲೆಕ್ಕ
ಮಿಜೋರಾಮಿನ ಕ್ರೈಸ್ತರ ಮನೆಗಳಲ್ಲಿ ಅನ್ನಕ್ಕೆ ಎಸರಿಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ‘ಬುಹ್‌ಫಾಯ್ ಥಾಮ್’ ಎಂಬ ಈ ಪದ್ಧತಿ 1910ರಲ್ಲಿ ಶುರುವಾಯಿತು. ಕೈಯಲ್ಲಿ ಕಾಸು ಓಡಾಡದ ಕಾಲ ಅದು. ತುಂಬಿದ ಡಬ್ಬಿಗಳನ್ನು ಸಭೆಯ ಹೆಂಗಸರು ಮನೆಮನೆಯಿಂದ ಒಟ್ಟುಮಾಡಿ, ಅಕ್ಕಿ ಮಾರಿ, ಹಣವನ್ನು ಸಭೆಯ ಕೆಲಸಕ್ಕೆ ಕೊಡುತ್ತಾರೆ. ಈಗ ಅದು ಕೋಟಿಗಳ ಬಾಬತ್ತು, ಬಿಡಿ. ನನಗೆ ಹಿಡಿಸಿದ್ದು ಆ ಹಿಡಿ ತೆಗೆಯುವ ಹೊತ್ತು: ಮನೆಯವರು ಉಣ್ಣುವ ಮೊದಲೇ ದೇವರ ಪಾಲು ಎತ್ತಿಟ್ಟಾಗಿರುತ್ತದೆ. ನಮ್ಮ ಚರ್ಚುಗಳಲ್ಲಾದರೋ ಕಾಣಿಕೆ ಚೀಲ ಹತ್ತಿರ ಬಂದಾಗ ಹತ್ತರ ನೋಟಿಗೆ ಜೇಬು ತಡಕಾಡುವವರೇ ವಾರ್ಷಿಕ ಸಭೆಯಲ್ಲಿ ಲೆಕ್ಕ ಕೇಳಲು ಮುಂದು. ಕೇಳಲಿ, ಕೇಳಲೇಬೇಕು. ಕಮಿಟಿಯವರೂ ಅಷ್ಟೇ, ಯಾರಾದರೂ ಕೇಳುವ ತನಕ ಕಾಯದೆ ಪೈಸೆ ಪೈಸೆಯ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಲಿ.